ಮಂಡಿಯೂರಿ ನೋಡಿದಾಗ



ದೇವಾಲಯದಲ್ಲಿ ಮಂಡಿಯೂರುವುದು ನಮಗೆಲ್ಲ ಎಳವೆಯಿಂದಲೇ ರೂಢಿಯಾಗಿ ಬಂದ ಕ್ರಿಯೆ. ಆದರೆ ಅದೇ ದೇವಾಲಯದ ಆವರಣದಲ್ಲಿರುವ ಶಿಶುವಿಹಾರದ ಕೋಣೆಯಲ್ಲಿ ನಾವು ಎಂದಾದರೂ ಮಂಡಿಯೂರಿದ್ದೇವೆಯೇ? ಇದೆಂತಹ ವಿಚಿತ್ರ ಪ್ರಶ್ನೆ ಎಂದು ನಿಮಗೆ ಅನಿಸಬಹುದು. ಹನ್ನೆರಡು ವರ್ಷಗಳ ಹಿಂದೆ ಯಾರಾದರೂ ಕೇಳಿದ್ದರೆ ನನಗೂ ಹಾಗೆಯೇ ಅನಿಸುತ್ತಿತ್ತು.

ಆಗ ನಾನು ಒಂದು ಧರ್ಮಕೇಂದ್ರದ ಗುರುವಾಗಿ, ಅದಕ್ಕೆ ಸೇರಿದ ಶಾಲೆಯ ಸಂಚಾಲಕನೂ ಆಗಿದ್ದೆ. ದಾನಿಗಳ ಔದಾರ್ಯದಿಂದ ಶಿಶುವಿಹಾರಕ್ಕೊಂದು ಹೊಸ ಕೋಣೆ ಕಟ್ಟಿಸಿದೆವು. ಹೊಳೆಯುವ ನೆಲ, ಸಾಲು ಸಾಲಾಗಿ ಬೆಂಚು ಡೆಸ್ಕುಗಳು, ಗೋಡೆಯ ಮೇಲ್ಭಾಗದಲ್ಲಿ ಬಣ್ಣದ ಚಿತ್ರಪಟಗಳು, ಮೂಲೆಯಲ್ಲಿ ಗಾಜಿನ ಬಾಗಿಲಿನ ಬೀರು, ಬೀರುವಿನ ತುಂಬ ಆಟಿಕೆಗಳು, ಬೀರುವಿಗೊಂದು ಬೀಗ. ಕಿಟಕಿಗಳನ್ನು ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ ಇಡಬೇಕೆಂದು ಮೇಸ್ತ್ರಿಗೆ ಹೇಳಿದವನೂ ನಾನೇ. ಮಕ್ಕಳ ಗಮನ ಹೊರಗೆ ಹರಿಯಬಾರದು ಎಂಬ ಮುಂದಾಲೋಚನೆ ನನ್ನದು! ಉದ್ಘಾಟನೆಯ ದಿನ ಬಂದವರೆಲ್ಲ ಮೆಚ್ಚಿದರು. ನಾನೂ ಒಳಗೊಳಗೇ ಬೀಗಿದೆ.

ಜುಲೈ ತಿಂಗಳ ಒಂದು ಮಧ್ಯಾಹ್ನ ಹಾಜರಿ ಪುಸ್ತಕ ನೋಡಲು ಆ ಕೋಣೆಗೆ ಹೋದಾಗ ನನ್ನ ಪೆನ್ನು ಕೈಜಾರಿ ಬೆಂಚಿನಡಿಗೆ ಉರುಳಿತು. ಅದನ್ನು ಎತ್ತಿಕೊಳ್ಳಲು ಮಂಡಿಯೂರಿ, ಹಿಮ್ಮಡಿಯ ಮೇಲೆ ಕುಳಿತೆ. ಪಕ್ಕದಲ್ಲಿ ನಿಂತಿದ್ದ ಮೂರೂವರೆ ವರ್ಷದ ಹುಡುಗಿಯ ಕಣ್ಣೂ ನನ್ನ ಕಣ್ಣೂ ಒಂದೇ ಎತ್ತರದಲ್ಲಿದ್ದವು. ಅವಳು ಮೆಲ್ಲಗೆ ಕೇಳಿದಳು: "ಫಾದರ್, ಮಳೆ ನಿಂತೋಯ್ತಾ?"

ಉತ್ತರ ಹೇಳಲು ನಾನು ಕಿಟಕಿಯತ್ತ ತಿರುಗಿದೆ. ಮಳೆ ಕಾಣಲಿಲ್ಲ, ಮರ ಕಾಣಲಿಲ್ಲ, ಆಕಾಶದ ಒಂದು ಬೂದು ತುಂಡು ಮಾತ್ರ ಕಂಡಿತು. ಸುತ್ತ ನೋಡಿದೆ. ಬೆಂಚಿನ ಬೆನ್ನು, ಡೆಸ್ಕಿನ ಅಂಚು, ಬಣ್ಣ ಬಳಿದ ಬರಿಯ ಗೋಡೆ. ಚಿತ್ರಪಟಗಳು ಎಲ್ಲೋ ಮೇಲೆ. ಆಟಿಕೆಗಳು ಗಾಜಿನ ಆಚೆ. ಇಡೀ ಕೋಣೆಯನ್ನು ನಾನು ನನ್ನ ಕಣ್ಣಿನ ಎತ್ತರಕ್ಕೆ ಕಟ್ಟಿಸಿದ್ದೆ. ಅಲ್ಲಿ ದಿನವಿಡೀ ಕುಳಿತುಕೊಳ್ಳಬೇಕಾದ ಮಗುವಿಗೆ ಮಳೆ ನಿಂತಿತೇ ಎಂಬುದನ್ನು ತಿಳಿಯಲು ಕೂಡ ದೊಡ್ಡವರ ಅಪ್ಪಣೆ ಬೇಕಾಗಿತ್ತು.

ಓದುಗರೇ, ಕೋಣೆಗಳು ಮೂಕವಲ್ಲ. ಮಗು ಒಳಗೆ ಕಾಲಿಟ್ಟ ಕ್ಷಣದಿಂದ ಕೋಣೆ ಅದರೊಡನೆ ಮಾತನಾಡುತ್ತದೆ. ಬೀಗ ಹಾಕಿದ ಬೀರು "ಮುಟ್ಟಬೇಡ" ಎನ್ನುತ್ತದೆ. ಎತ್ತರದ ಕಿಟಕಿ "ನೋಡಬೇಡ" ಎನ್ನುತ್ತದೆ. ನೆಲಕ್ಕೆ ಬಿಗಿದ ಬೆಂಚು "ಏಳಬೇಡ" ಎನ್ನುತ್ತದೆ. ಶಿಕ್ಷಕಿ ಎಷ್ಟೇ ಪ್ರೀತಿಯಿಂದ ಮಾತನಾಡಲಿ, ದಿನಕ್ಕೆ ನಾಲ್ಕು ತಾಸು ಈ ಮೂರು ಮಾತುಗಳನ್ನು ಕೇಳಿಸಿಕೊಂಡ ಮಗು ಕ್ರಮೇಣ ನಾಲ್ಕನೆಯ ಮಾತನ್ನು ತಾನೇ ಕಲಿತುಕೊಳ್ಳುತ್ತದೆ: "ಕೇಳಬೇಡ." ಆ ಬಳಿಕ ನಾವು ಐದನೆಯ ತರಗತಿಯಲ್ಲಿ ನಿಂತು, ಈ ಮಕ್ಕಳು ಪ್ರಶ್ನೆಯನ್ನೇ ಕೇಳುವುದಿಲ್ಲವಲ್ಲ ಎಂದು ಹಲುಬುತ್ತೇವೆ!

ಇದು ನನ್ನೊಬ್ಬನ ಸಂಶೋಧನೆಯೇನೂ ಅಲ್ಲ. 1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡ ಕಾರ್ಮಿಕರ ಬಡಾವಣೆಯಲ್ಲಿ ಮರಿಯಾ ಮಾಂಟೆಸ್ಸರಿ ಎಂಬ ವೈದ್ಯೆ ಮಕ್ಕಳ ಮನೆಯೊಂದನ್ನು ತೆರೆದರು. ಅದಕ್ಕೆ ಜಾಗ ಕೊಟ್ಟ ಕಟ್ಟಡದ ಮಾಲೀಕರಿಗೆ ಶಿಕ್ಷಣದ ಚಿಂತೆ ಇರಲಿಲ್ಲ. ತಂದೆತಾಯಿ ದುಡಿಯಲು ಹೋದಾಗ ಮಕ್ಕಳು ಗೋಡೆ, ಮೆಟ್ಟಿಲುಗಳನ್ನು ಹಾಳುಗೆಡವದಂತೆ ಯಾರಾದರೂ ನೋಡಿಕೊಂಡರೆ ಅವರಿಗೆ ಸಾಕಾಗಿತ್ತು. ಆ ಮನೆಯಲ್ಲಿಯೂ ಮೊದಮೊದಲು ಕಲಿಕೆಯ ಸಾಮಗ್ರಿಗಳು ಬೀರುವಿನೊಳಗೇ ಇದ್ದವು. ಶಿಕ್ಷಕಿ ತಾನೇ ತೆಗೆದು ಹಂಚಿ, ತಾನೇ ಎತ್ತಿಟ್ಟು ಬೀಗ ಹಾಕುತ್ತಿದ್ದಳು. ಒಂದು ದಿನ ಆಕೆ ತಡವಾಗಿ ಬಂದಳು. ಹಿಂದಿನ ದಿನ ಬೀಗ ಹಾಕಲು ಮರೆತಿದ್ದಳು. ಬಂದು ನೋಡಿದರೆ, ಮಕ್ಕಳು ತಮತಮಗೆ ಬೇಕಾದ ವಸ್ತುಗಳನ್ನು ಎತ್ತಿಕೊಂಡು ಕೆಲಸದಲ್ಲಿ ಮುಳುಗಿದ್ದಾರೆ! ಶಿಕ್ಷಕಿಗೆ ಅದು ಕಳ್ಳತನವಾಗಿ ಕಂಡಿತು. ಮಾಂಟೆಸ್ಸರಿಗೆ ಬೇರೆಯೇ ಕಂಡಿತು. ಆರಿಸಿಕೊಳ್ಳುವಷ್ಟು ಈ ಮಕ್ಕಳು ಆ ವಸ್ತುಗಳನ್ನು ಅರಿತಿದ್ದಾರೆ ಎಂದು ಅವರು ಗ್ರಹಿಸಿದರು. ಅಂದಿನಿಂದ ಎತ್ತರದ ಬೀರುವಿನ ಜಾಗಕ್ಕೆ ಮಗುವಿನ ಕೈಗೆಟಕುವ ತಗ್ಗಿನ ತೆರೆದ ಕಪಾಟುಗಳು ಬಂದವು. ಮಗು ತಾನೇ ಎತ್ತಿ ಸರಿಸಬಹುದಾದ ಹಗುರ ಮೇಜು ಕುರ್ಚಿಗಳು ಬಂದವು. ಇಂದು ಜಗತ್ತಿನಾದ್ಯಂತ ಮಾಂಟೆಸ್ಸರಿ ಎಂಬ ಹೆಸರಿನ ಫಲಕಗಳು ತೂಗುತ್ತಿವೆ. ನಮ್ಮ ಊರುಗಳಲ್ಲಿ ಆ ಫಲಕದ ಕೆಳಗೆ ಹಾದು ಒಳಗೆ ಹೋದರೆ ಎಷ್ಟೋ ಕಡೆ ಕಾಣುವುದು ಅದೇ ಬೀಗ ಹಾಕಿದ ಬೀರು. ಹೆಸರನ್ನು ತಂದೆವು, ಬೀಗದ ಕೈಯನ್ನು ಮಾತ್ರ ಕೊಡಲಿಲ್ಲ.

ಇದೆಲ್ಲ ಪರದೇಶದ ಮಾತು ಎಂದು ತಳ್ಳಿಹಾಕುವಂತಿಲ್ಲ. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮಾಂಟೆಸ್ಸರಿ, ಯುದ್ಧದ ಕಾರಣದಿಂದ 1946ರವರೆಗೂ ನಮ್ಮ ದೇಶದಲ್ಲೇ ಉಳಿದು ನೂರಾರು ಶಿಕ್ಷಕರಿಗೆ ತರಬೇತಿ ನೀಡಿದರು. ಅವರಿಗಿಂತಲೂ ಮುಂಚೆ, 1920ರಲ್ಲೇ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು ವಕೀಲಿ ಬಿಟ್ಟು ಬಾಲಮಂದಿರವನ್ನು ತೆರೆದರು. ಮಾಂಟೆಸ್ಸರಿಯವರಿಂದ ತಾವು ಕಲಿತದ್ದಕ್ಕೆ ಅವರು ನಮ್ಮ ನೆಲದ ಕಥೆ, ಹಾಡು, ಆಟಗಳನ್ನು ಬೆಸೆದರು. ನಮ್ಮ ನಾಡಿನ ಮಾತಿಗೇ ಬರೋಣ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ 'ನಲಿ ಕಲಿ' ಆರಂಭವಾಯಿತು. ಅದು ಪ್ರಾಥಮಿಕ ತರಗತಿಗಳಿಗೆ ಸೇರಿದ್ದು, ನಿಜ. ಆದರೆ ಅದು ಕೋಣೆಯನ್ನು ಬದಲಿಸಿದ ಬಗೆಯನ್ನು ಗಮನಿಸಿ. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು, ನೆಲದಲ್ಲಿ ಕುಳಿತ ಮಗು ತಾನೇ ಬರೆಯುವಂತೆ ಮಾಡಿದರು. ಮಕ್ಕಳು ಬಿಡಿಸಿದ ಚಿತ್ರ, ಮಾಡಿದ ಕೆಲಸಗಳನ್ನು ತೂಗುಹಾಕಲು ತಲೆಯ ಮೇಲೊಂದು ಚಪ್ಪರ ಕಟ್ಟಿದರು. ಬಡ ಸರ್ಕಾರಿ ಶಾಲೆಯ ಶಿಕ್ಷಕರು ಒಂದು ಡಬ್ಬಿ ಕಪ್ಪು ಬಣ್ಣದಲ್ಲಿ ಸಾಧಿಸಿದ್ದನ್ನು, ಲಕ್ಷಾಂತರ ರೂಪಾಯಿ ಸುರಿದು ಕಟ್ಟಿಸಿದ ನನ್ನ ಕೋಣೆ ಸಾಧಿಸಲಿಲ್ಲ.

ಈಗ ನಿಮ್ಮ ಆಕ್ಷೇಪಣೆಗಳಿಗೆ ಬರುತ್ತೇನೆ. ಅವು ನನಗೆ ಚೆನ್ನಾಗಿ ಗೊತ್ತು. ಸಂಚಾಲಕನ ಕುರ್ಚಿಯಲ್ಲಿ ಕುಳಿತು ವರ್ಷಗಟ್ಟಲೆ ಕೇಳಿದವನು ನಾನು.

"ಆಟವಾಡಿಕೊಂಡೇ ಇದ್ದರೆ ಮಗು ಓದು ಕಲಿಯುವುದು ಯಾವಾಗ?" ಇದು ಮೊದಲನೆಯದು. ಒಂದು ಬಾನಿ ನೀರು, ಒಂದು ಸೇರು, ಒಂದು ಪಾವು ಕೊಟ್ಟು ಮಗುವನ್ನು ಅಂಗಳದಲ್ಲಿ ಬಿಡಿ. ಸುರಿಯುತ್ತ, ಚೆಲ್ಲುತ್ತ, ಮತ್ತೆ ಸುರಿಯುತ್ತ, ನಾಲ್ಕು ಪಾವಿಗೆ ಸೇರು ತುಂಬುತ್ತದೆ ಎಂಬುದನ್ನು ಅದು ಒಂದು ದಿನ ತಾನೇ ಕಂಡುಕೊಳ್ಳುತ್ತದೆ. ಆ ದಿನ ಅದರ ಮುಖವನ್ನು ನೋಡಬೇಕು! ಇದನ್ನು ಗಣಿತವೆನ್ನದೆ ಇನ್ನೇನೆನ್ನೋಣ? ಇನ್ನು ಬರವಣಿಗೆ. ಮನುಷ್ಯನ ಮಣಿಕಟ್ಟಿನಲ್ಲಿರುವ ಎಂಟು ಪುಟ್ಟ ಎಲುಬುಗಳು ಹುಟ್ಟುವಾಗ ಎಲುಬುಗಳೇ ಅಲ್ಲ, ಮೆದುವಾದ ಮೃದ್ವಸ್ಥಿ. ಅವು ಒಂದೊಂದಾಗಿ ಗಟ್ಟಿಯಾಗುತ್ತ ಬರಲು ಹತ್ತು ವರ್ಷಗಳ ಆಸುಪಾಸು ಹಿಡಿಯುತ್ತದೆ. ಮೂರು ವರ್ಷದ ಕೈಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ತಿದ್ದಿಸುವುದು ಎಳೆಗರುವಿನ ಹೆಗಲಿಗೆ ನೊಗ ಹೂಡಿದಂತೆ. ಜೇಡಿಮಣ್ಣನ್ನು ನಾದುವ, ಮಣಿ ಪೋಣಿಸುವ, ಹುಣಸೆಬೀಜ ಹೆಕ್ಕುವ ಬೆರಳುಗಳು ಬರವಣಿಗೆಗೇ ಸಿದ್ಧವಾಗುತ್ತಿವೆ. ನಮಗೆ ಕಾಯುವ ತಾಳ್ಮೆ ಇಲ್ಲ, ಅಷ್ಟೆ.

ಈ ಮಾತನ್ನು ನನ್ನಂಥ ಒಬ್ಬ ಗುರು ಹೇಳಿದರೆ ನಂಬಬೇಕಿಲ್ಲ. 1993ರಲ್ಲಿ ವಿಜ್ಞಾನಿ ಯಶಪಾಲರ ಸಮಿತಿ, ನರ್ಸರಿಗೆ ಸೇರಿಸಿಕೊಳ್ಳಲು ಪರೀಕ್ಷೆ, ಸಂದರ್ಶನ ನಡೆಸುವುದನ್ನು ನಿಲ್ಲಿಸಬೇಕೆಂದು ಶಿಫಾರಸು ಮಾಡಿತು. 2013ರ ರಾಷ್ಟ್ರೀಯ ನೀತಿಯ ಜೊತೆಯಲ್ಲಿ ಬಂದ ಗುಣಮಟ್ಟದ ಸೂಚನೆಗಳು ಮೂವತ್ತು ಮಕ್ಕಳಿಗೆ 35 ಚದರ ಮೀಟರಿನ ಕೋಣೆ, ಅದರ ಹೊರಗೆ 30 ಚದರ ಮೀಟರಿನ ಬಯಲು ಇರಬೇಕೆಂದವು. 2022ರಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಆರು ವರ್ಷದ ಮಕ್ಕಳಿಗೆ ಪಠ್ಯಪುಸ್ತಕದ ಅಗತ್ಯವಿಲ್ಲ, ಆಟವೇ ಕಲಿಕೆಯ ಮಾರ್ಗ ಎಂಬ ನಿಲುವು ತಳೆಯಿತು. 2023ರ ಫೆಬ್ರವರಿಯಲ್ಲಿ 'ಜಾದೂಯಿ ಪಿಟಾರಾ' ಎಂಬ ಆಟಿಕೆಗಳ ಪೆಟ್ಟಿಗೆಯೂ ದೆಹಲಿಯಲ್ಲಿ ಬಿಡುಗಡೆಯಾಯಿತು. ಗೊಂಬೆಗಳು, ಒಗಟುಗಳು, ಚಿತ್ರಗಳು ಎಲ್ಲವೂ ಅದರಲ್ಲಿವೆ. ನನ್ನ ಅಳುಕು ಒಂದೇ: ಆ ಪೆಟ್ಟಿಗೆ ನಮ್ಮ ಶಾಲೆಗಳಿಗೆ ಬಂದರೆ ಅದನ್ನೂ ಗಾಜಿನ ಬೀರುವಿನೊಳಗೆ ಇಟ್ಟು, ತಪಾಸಣೆಗೆ ಬಂದವರಿಗೆ ತೋರಿಸಿ ಮತ್ತೆ ಬೀಗ ಹಾಕುತ್ತೇವೆಯೋ ಏನೋ!

ಎರಡನೆಯ ಆಕ್ಷೇಪಣೆ ಹಣದ್ದು. ಈ ವಿಷಯದಲ್ಲಿ ನಾನು ಮುಲಾಜಿಲ್ಲದೆ ಹೇಳುತ್ತೇನೆ: ನಾವು ಹಣವಿಲ್ಲದೆ ಕೆಟ್ಟವರಲ್ಲ, ಹಣ ತಪ್ಪು ಜಾಗಕ್ಕೆ ಸುರಿದು ಕೆಟ್ಟವರು. ಬೆಂಚು ಡೆಸ್ಕಿನ ಬೆಲೆಯಲ್ಲಿ ಹತ್ತು ವರ್ಷಕ್ಕಾಗುವಷ್ಟು ಚಾಪೆ ಕೊಳ್ಳಬಹುದು. ಒಂದೂವರೆ, ಎರಡು ಅಡಿ ಎತ್ತರದ ಹಲಗೆಯ ಗೂಡುಗಳನ್ನು ನಿಮ್ಮ ಊರಿನ ಬಡಗಿಯೇ ಮಾಡಿಕೊಡುತ್ತಾನೆ. ತೆಂಗಿನ ಚಿಪ್ಪು, ಮೊರ, ಜರಡಿ, ಬಿದಿರಿನ ತುಂಡು, ಬಣ್ಣದ ಬಟ್ಟೆಚೂರು, ಅಳಗುಳಿಮಣೆ ಇವೆಲ್ಲ ಯಾವ ಅಂಗಡಿಯಿಂದ ಬರಬೇಕು? ಬಾಯಿಗೆ ಹಾಕಿಕೊಳ್ಳುವ ಎಳೆಯ ಮಕ್ಕಳಿದ್ದಲ್ಲಿ ಬೀಜ, ಕವಡೆಗಳನ್ನು ದೂರವಿಡಬೇಕು. ಉಳಿದವರ ಕೈಗೆ ಕೊಟ್ಟಾಗಲೂ ಶಿಕ್ಷಕಿಯ ಕಣ್ಣು ಅಲ್ಲಿರಬೇಕು. ಆ ಎಚ್ಚರ ಸಾಕು. ಅಂಗಳದ ಮೂಲೆಯಲ್ಲಿ ಒಂದು ಗುಂಡಿ ಮರಳು, ಬಳಕೆಯಾದ ಮೇಲೆ ಬರಿದು ಮಾಡಿ ಮಗುಚಿಡಬಹುದಾದ ಒಂದು ಬಾನಿ, ನೆರಳಿಗೊಂದು ಹೊಂಗೆಮರ, ಮಗುವಿಗೆ ಎಟಕುವಂತೆ ಒಂದು ನಲ್ಲಿ. ಇದಕ್ಕೆ ದಾನಿಗಳ ಹೆಸರಿನ ಅಮೃತಶಿಲೆಯ ಫಲಕ ಬೇಕಿಲ್ಲ.

ಯುದ್ಧದಲ್ಲಿ ನುಚ್ಚುನೂರಾದ ಒಂದು ಹಳ್ಳಿಯ ಕಥೆ ಇಲ್ಲಿ ನೆನಪಿಗೆ ಬರುತ್ತದೆ. 1945ರಲ್ಲಿ, ಎರಡನೆಯ ಮಹಾಯುದ್ಧ ಮುಗಿದ ಕೆಲವೇ ದಿನಗಳಲ್ಲಿ, ಉತ್ತರ ಇಟಲಿಯ ರೆಜ್ಜೋ ಎಮಿಲಿಯ ನಗರದ ಬಳಿಯ ವಿಲ್ಲಾ ಚೆಲ್ಲಾ ಎಂಬ ಊರಿನವರು, ಓಡಿಹೋದ ಜರ್ಮನ್ ಸೈನ್ಯ ಬಿಟ್ಟುಹೋಗಿದ್ದ ಒಂದು ಟ್ಯಾಂಕು, ಕೆಲವು ಲಾರಿ ಮತ್ತು ಕುದುರೆಗಳನ್ನು ಮಾರಿದರು. ಆ ಹಣದಿಂದ, ಬಾಂಬಿಗೆ ಕುಸಿದ ಮನೆಗಳ ಇಟ್ಟಿಗೆ ಹೊತ್ತು, ತಂದೆತಾಯಂದಿರೇ ಕೂಡಿ ಮಕ್ಕಳಿಗೊಂದು ಶಾಲೆ ಕಟ್ಟಿದರು. ಸುದ್ದಿ ಕೇಳಿ ಸೈಕಲ್ ತುಳಿದು ನೋಡಲು ಬಂದ ಯುವ ಶಿಕ್ಷಕ ಲೋರಿಸ್ ಮಲಗುಝಿ ತನ್ನ ಬಾಳನ್ನೇ ಆ ಕೆಲಸಕ್ಕೆ ಮೀಸಲಿಟ್ಟರು. ಮಗುವಿನ ಸುತ್ತಲಿನ ಪರಿಸರವೂ ಒಬ್ಬ ಶಿಕ್ಷಕನೇ ಎಂಬ ವಿಚಾರ ಅಲ್ಲಿಂದ ಜಗತ್ತಿಗೆ ಹರಡಿತು. ಆ ಶಾಲೆಗಳು ಧರ್ಮಸಭೆಯ ನೆರಳಿನಲ್ಲಿ ಹುಟ್ಟಿದವಲ್ಲ. ಆದರೂ ಅವುಗಳಿಂದ ಕಲಿಯಲು ನಮಗೆ ಸಂಕೋಚವೇಕೆ? ಶ್ರಮದಾನದಿಂದ ದೇವಾಲಯಗಳನ್ನೇ ಕಟ್ಟಿದ ಹಿರಿಯರ ಮಕ್ಕಳಲ್ಲವೇ ನಾವು?

ಮೂರನೆಯ ಆಕ್ಷೇಪಣೆ: "ಬೀರು ತೆರೆದರೆ ಮಕ್ಕಳು ಎಲ್ಲವನ್ನೂ ಹಾಳು ಮಾಡುತ್ತಾರೆ." ಇದನ್ನು ಹೇಳಿದವನೂ ನಾನೇ. ಆ ಮಳೆಯ ದಿನದ ಬಳಿಕ ಒಂದು ಕಿಟಕಿಯ ಗೋಡೆಯನ್ನು ಒಂದೂವರೆ ಅಡಿಗೆ ಇಳಿಸಿ ಕಂಬಿ ಹಾಕಿಸಿದೆ. ಬೀರುವಿನ ಬೀಗವನ್ನೂ ತೆಗೆಸಿದೆ. ಮೂರೇ ತಿಂಗಳಲ್ಲಿ ಆಟಿಕೆಗಳಲ್ಲಿ ಅರ್ಧದಷ್ಟಕ್ಕೆ ಚಕ್ರವಿಲ್ಲ, ಕೈಯಿಲ್ಲ. ನಾನು ಸಿಡಿಮಿಡಿಗೊಂಡು ಮುಖ್ಯೋಪಾಧ್ಯಾಯಿನಿಯಾಗಿದ್ದ ಭಗಿನಿಯವರನ್ನು ಕರೆದು ಕೇಳಿದೆ. ಅವರು ನಸುನಕ್ಕು, "ಫಾದರ್, ಹೊಸದರ ಹಾಗೇ ಉಳಿದ ಜಪಸರ ಅಂದರೆ ಯಾರೂ ಜಪ ಮಾಡದ ಜಪಸರ ಅಲ್ಲವೇ?" ಎಂದರು. ನಾನು ಬಾಯಿ ಮುಚ್ಚಿದೆ. ಗುರುಮಠದಲ್ಲಿ ಓದಿದ ತತ್ತ್ವಶಾಸ್ತ್ರದಲ್ಲಿ ಆ ಮಾತಿಗೆ ಉತ್ತರವಿರಲಿಲ್ಲ.

ಕಿಟಕಿಯ ಬಳಿ ಆದದ್ದೇನು? ಮೊದಲ ವಾರ ನೂಕುನುಗ್ಗಲು. ಶಿಕ್ಷಕಿಯರಿಗೆ ತಲೆನೋವು. ಆಮೇಲೆ ಗದ್ದಲ ತಾನಾಗಿ ಇಳಿಯಿತು. ಮಕ್ಕಳು ಹೊರಗಿನ ಸುದ್ದಿಯನ್ನು ಒಳಗೆ ತರಲಾರಂಭಿಸಿದರು. ಇರುವೆಗಳು ಏಕೆ ಸಾಲಾಗಿ ಹೋಗುತ್ತವೆ, ಕಾಗೆ ಕಡ್ಡಿಯನ್ನು ಎಲ್ಲಿಗೆ ಒಯ್ಯುತ್ತದೆ, ಸೈಕಲ್ಲಿನವನು ಮಳೆಯಲ್ಲಿ ಏಕೆ ನಿಲ್ಲಲಿಲ್ಲ. ಅದುವರೆಗೆ ಆ ಕೋಣೆಯಲ್ಲಿ ಪ್ರಶ್ನೆ ಕೇಳುತ್ತಿದ್ದವರು ಶಿಕ್ಷಕಿಯರು ಮಾತ್ರ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಈ ಲೇಖನ ಬರೆಯಬೇಕಾಗಿರಲಿಲ್ಲ. ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಮರುವರ್ಷ ದಾಖಲಾತಿಯ ಸಮಯಕ್ಕೆ ಒಬ್ಬ ತಂದೆ ನನ್ನ ಬಳಿಗೆ ಬಂದರು. ಪ್ರತಿ ಭಾನುವಾರ ಮೊದಲ ಸಾಲಿನಲ್ಲಿ ಕೂರುವ ಭಕ್ತರು. "ಫಾದರ್, ತಪ್ಪು ತಿಳಿಯಬೇಡಿ. ರಸ್ತೆಯ ಆ ಬದಿಯ ಶಾಲೆಯಲ್ಲಿ ಎಲ್‌ಕೆಜಿಗೇ ನೂರರವರೆಗೆ ಬರೆಸುತ್ತಾರೆ. ನಮ್ಮ ಮಗ ಇಲ್ಲಿ ಮಣ್ಣು ಕಲಸಿಕೊಂಡು ಬರುತ್ತಾನೆ," ಎಂದರು. ಆ ವರ್ಷ ಹಲವು ಕುಟುಂಬಗಳು ಅದೇ ಮಾತು ಹೇಳಿ ಮಕ್ಕಳನ್ನು ಬಿಡಿಸಿಕೊಂಡು ಹೋದವು. ಶಾಲಾ ಸಮಿತಿಯ ಸಭೆಯಲ್ಲಿ ಲೆಕ್ಕಪತ್ರ ಓದುವಾಗ ಎಲ್ಲರೂ ನನ್ನ ಮುಖ ನೋಡಿದರು. ನಾನು ಸೋತೆ. ಚಾಪೆಗಳು ಉಗ್ರಾಣಕ್ಕೆ ಹೋದವು, ನಾಲ್ಕು ಗೆರೆಯ ಪುಸ್ತಕಗಳು ಹಿಂದಿರುಗಿದವು, ಬೀರುವಿಗೆ ಬೀಗ ಬಿತ್ತು. ಕಿಟಕಿಯೊಂದು ಮಾತ್ರ ಹಾಗೆಯೇ ಉಳಿಯಿತು. ಗೋಡೆಯನ್ನು ಮತ್ತೆ ಎತ್ತರಿಸಲು ಹಣವಿರಲಿಲ್ಲ, ಅಷ್ಟೇ ಕಾರಣ.

ಸರಿಯೆಂದು ತಿಳಿದದ್ದನ್ನು ಮೂವತ್ತು ದಾಖಲಾತಿಗಳಿಗೆ ಮಾರಿಕೊಂಡವನು ನಾನು. ಆ ತಂದೆಯನ್ನು ದೂರುವುದಿಲ್ಲ. ಮಗ ಹಿಂದೆ ಬೀಳುವನೆಂಬ ಭಯ ಅವರದು. ಶಾಲೆ ಹಿಂದೆ ಬೀಳುವುದೆಂಬ ಭಯ ನನ್ನದು. ನಮ್ಮಿಬ್ಬರ ಭಯಗಳು ಕೈಕುಲುಕಿದಾಗ ತೆತ್ತವರು ಮಾತ್ರ ಮಕ್ಕಳು. ಅದಕ್ಕೇ ಇಂದು ಪೋಷಕರಾದ ನಿಮ್ಮನ್ನೇ ನೇರವಾಗಿ ಕೇಳುತ್ತಿದ್ದೇನೆ. ಶಾಲೆಗಳು ನಿಮಗೆ ಬೇಕಾದುದನ್ನು ಕೊಡುತ್ತವೆ. ತುಂಬಿದ ನೋಟುಪುಸ್ತಕ ಕೇಳಿದರೆ ತುಂಬಿದ ನೋಟುಪುಸ್ತಕ, ಅರಳಿದ ಮಗು ಕೇಳಿದರೆ ಅರಳಿದ ಮಗು. ನಾವು ಕೇಳುತ್ತಿರುವುದು ಯಾವುದನ್ನು?

ನಮ್ಮ ಪ್ರಭು ತನ್ನ ಕಾಲದ ಜನರನ್ನು ಹೋಲಿಸಲು ಆರಿಸಿಕೊಂಡ ಚಿತ್ರ ಯಾವುದೆಂದು ನೆನಪಿದೆಯೇ? ಸಂತೆಬೀದಿಯಲ್ಲಿ ಕುಳಿತು ಮದುವೆಯಾಟ, ಸಾವಿನಾಟ ಆಡುತ್ತ, ಜೊತೆಗಾರರು ಸೇರಲಿಲ್ಲವೆಂದು ದೂರುವ ಮಕ್ಕಳ ಚಿತ್ರ. ಮಕ್ಕಳ ಆಟವನ್ನು ನಿಂತು ನೋಡದವನ ಬಾಯಿಂದ ಆ ಹೋಲಿಕೆ ಬರುವುದು ಸಾಧ್ಯವಿಲ್ಲ. ಮಕ್ಕಳನ್ನು ತನ್ನ ಬಳಿಗೆ ಬಿಡಿರೆಂದು ಆತ ಗದರಿದ್ದು ಶಿಷ್ಯರನ್ನು, ಎಂದರೆ ಶಿಸ್ತಿನ ಹೆಸರಿನಲ್ಲಿ ಅಡ್ಡ ನಿಂತ ನಮ್ಮಂಥವರನ್ನು. ನಮ್ಮ ಶಾಲೆಗಳ ಹೆಬ್ಬಾಗಿಲ ಮೇಲೆ ಆತನ ಚಿತ್ರವಿದೆ. ಒಳಗಿನ ಕೋಣೆಗಳು ಮಾತ್ರ ಶಿಷ್ಯರ ಮಾತನ್ನೇ ಆಡುತ್ತಿವೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಮುಂದಿನ ಸಲ ಮಗುವನ್ನು ಸೇರಿಸಲು ಯಾವುದೇ ಶಾಲೆಗೆ ಹೋದಾಗ, ಅದು ನಮ್ಮದಾಗಲಿ, ಇತರರದಾಗಲಿ, ಅಂಗನವಾಡಿಯೇ ಆಗಲಿ, ಫಲಿತಾಂಶದ ಫಲಕವನ್ನು ಆಮೇಲೆ ನೋಡಿ. ಮೊದಲು ಮಕ್ಕಳ ಕೋಣೆಗೆ ಹೋಗಿ ಮಂಡಿಯೂರಿ, ಹಿಮ್ಮಡಿಯ ಮೇಲೆ ಕುಳಿತುಕೊಳ್ಳಿ. ಅಲ್ಲಿಂದ ನಿಮಗೆ ಏನು ಕಾಣುತ್ತದೆ? ಕೈಗೆ ಏನು ಎಟಕುತ್ತದೆ? ಗೋಡೆಯ ಮೇಲಿರುವುದು ಅಂಗಡಿಯಿಂದ ತಂದ ಚಿತ್ರವೋ, ಮಕ್ಕಳೇ ಗೀಚಿದ್ದೋ? ಆಟಿಕೆಗಳು ಸವೆದಿವೆಯೋ, ಹೊಸದಾಗಿಯೇ ಇವೆಯೋ? ಬೀರುವಿನ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿ. ಮಣ್ಣಾದ ಕೈಯೊಡನೆ ಮಗು ಮನೆಗೆ ಬಂದರೆ ಶಾಲೆಗೆ ದೂರು ಕೊಡಬೇಡಿ. ಸಾಧ್ಯವಾದರೆ ಒಂದು ಸಾಲು ಕೃತಜ್ಞತೆಯ ಪತ್ರ ಬರೆಯಿರಿ. ನನ್ನಂಥ ಅಳ್ಳೆದೆಯ ಸಂಚಾಲಕನಿಗೆ ಆ ವರ್ಷ ಅಂಥ ಹತ್ತು ಪತ್ರಗಳು ಬಂದಿದ್ದರೆ ಬೀರುವಿಗೆ ಮತ್ತೆ ಬೀಗ ಬೀಳುತ್ತಿರಲಿಲ್ಲ.

ಕಳೆದ ವರ್ಷ ಒಂದು ಮದುವೆಯ ಬಲಿಪೂಜೆಗೆಂದು ಆ ಊರಿಗೆ ಹೋಗಿದ್ದೆ. ಪೂಜೆಗೆ ಇನ್ನೂ ಸಮಯವಿತ್ತು. ಶಿಶುವಿಹಾರದ ಕಡೆ ನಡೆದೆ. ತಗ್ಗಿನ ಕಿಟಕಿಯ ಕಂಬಿಗಳಲ್ಲಿ ಎರಡರ ಬಣ್ಣ, ಮಕ್ಕಳ ಕೈ ಹಿಡಿದು ಹಿಡಿದು, ಪೂರ್ತಿ ಸವೆದುಹೋಗಿತ್ತು. ಉಳಿದ ಕಿಟಕಿಗಳ ಕಂಬಿಗಳು ಬಣ್ಣ ಬಳಿದ ದಿನ ಇದ್ದಂತೆಯೇ ಇದ್ದವು.